ಅಟ್ಟದ ಹಗ್ಗ, ಕಣಿವೆಯ ಫೋಟೋ

ಚಿಕ್ಕನಾಯಕನಹಳ್ಳಿ ಆಚೆಯ ಗುಡ್ಡದಲ್ಲಿ ಒಂದು ಕಣಿವೆ ಇದೆ, ಅದರ ತಳ ಕಂಡವರೇ ಕಮ್ಮಿ ಅಂತ ನಮ್ಮ ತೋಟದಲ್ಲಿ ಕಾಯಿ ಕೆಡವುವವನು ಹೇಳಿದ್ದೇ ತಡ, ಅದರ ಫೋಟೋ ತೆಗೆಯಲೇಬೇಕು ಅಂತ ಹಟ ಹಿಡಿದೆ. ಎಪ್ಪತ್ತರ ದಶಕ. ಮದುವೆಯಾಗಿ ತಿಪಟೂರಿಗೆ ಬಂದು ಎರಡು ವರ್ಷ. ಕಾನ್ವೆಂಟ್ ಇಂಗ್ಲಿಷನ್ನು ಅಲ್ಲಿ ಯಾರ ಹತ್ತಿರ ಮಾತಾಡಲಿ? ಬಾಕ್ಸ್ ಕ್ಯಾಮೆರಾ ಒಂದೇ ನನಗೆ ಕಂಪನಿ.

ನಮ್ಮವರು ಕೊಬ್ಬರಿ ವ್ಯಾಪಾರಿ. ಬೇಡ ಅನ್ನಲಿಲ್ಲ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡರೆ ಮಾತ್ರ ಅಂತ ಒಂದೇ ಕಂಡಿಷನ್ ಹಾಕಿ, ಕೊಬ್ಬರಿ ಅಟ್ಟದ ಮೇಲಿದ್ದ ತೆಂಗಿನ ನಾರಿನ ಹಗ್ಗವನ್ನು ತಾವೇ ಇಳಿಸಿ ತಂದರು.

ಕಣಿವೆಯ ಅಂಚಿನಲ್ಲಿ ನಿಂತರೆ ತಳ ಕಾಣುತ್ತಿರಲಿಲ್ಲ. ಎರಡಾಳುದ್ದ ಕೆಳಗೆ ಚಾಚಿಕೊಂಡಿದ್ದ ಬಂಡೆಗೆ ಇಳಿಯಬೇಕಿತ್ತು. ಸೀರೆಗೆ ಕಚ್ಚೆ ಹಾಕಿ, ಕ್ಯಾಮೆರಾ ಕೊರಳಿಗೆ ತೂಗುಹಾಕಿ ಇಳಿದೆ. ಹಗ್ಗದ ಇನ್ನೊಂದು ತುದಿ ನಮ್ಮವರ ಕೈಲಿ, ದಾರಿ ತೋರಿಸಲು ಬಂದಿದ್ದ ಕಾಯಿ ಕೆಡವುವವನು ಅವರ ಪಕ್ಕದಲ್ಲಿ. ಕೆಳಗೆ ಎರಡು ಕಲ್ಲುಗೋಡೆಗಳ ನಡುವೆ ಕಪ್ಪು ನೀರು. ಪೂರ್ತಿ ಫ್ರೇಮಿಗೆ ಸಿಗಲೆಂದು ಹಗ್ಗವನ್ನು ನಂಬಿ ಮುಂದಕ್ಕೆ ಬಾಗಿದೆ. ಕ್ಲಿಕ್. ಹಿಂದೆಯೇ ಇನ್ನೊಂದು ಸದ್ದು. ಹಗ್ಗದ ಒಂದು ಎಳೆ ಕಡಿದು ಕಂದು ಪುಡಿ ನನ್ನ ಕೈಮೇಲೆ ಉದುರಿತು.

ಕಾಯಿ ಕೆಡವುವವನು ತಗ್ಗಿದ ದನಿಯಲ್ಲಿ ನಮ್ಮವರನ್ನು ಕೇಳಿದ್ದು ನನಗೂ ಕೇಳಿಸಿತು.

"ಇದು ಎಲ್ಲೀದು ಸ್ವಾಮಿ?"

"ಅಟ್ಟದ್ದು ಕಣಪ್ಪ."

ವರ್ಷಗಟ್ಟಲೆ ಕಾಯಿ ಒಣಗಿ ಕೊಬ್ಬರಿಯಾಗುವ ಜಾಗ. ಅಲ್ಲಿ ಬಿದ್ದಿದ್ದ ನಾರಿನಲ್ಲಿ ಜೀವ ಉಳಿದೀತೇ? ಕಾಯಿ ಅಲ್ಲಾಡಿಸಿಯೇ ಒಳಗಿನ ನೀರು ಆರಿದೆಯೋ ಇಲ್ಲವೋ ಹೇಳುತ್ತಿದ್ದ ನಮ್ಮವರಿಗೆ ಇದು ಹೊಳೆದಿರಲಿಲ್ಲ.

"ಅವ್ವಾರೇ, ಹಗ್ಗದ ಮ್ಯಾಲೆ ಭಾರ ಬುಡಬ್ಯಾಡಿ," ಅಂದ ಅವನು. "ಅದು ಇಲ್ಲ ಅಂದ್ಕಂಡು ಹತ್ತಿ."

ಎದೆಯನ್ನು ಬಂಡೆಗೆ ಒತ್ತಲು ಕ್ಯಾಮೆರಾ ಅಡ್ಡ. ಬೆನ್ನಿಗೆ ತಳ್ಳಬೇಕೆಂದರೆ ಒಂದು ಕೈ ಬಿಡಬೇಕು. ಬಿಟ್ಟೆ. ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ ಪ್ರೇಯರ್ ಒಂದೂ ಬಾಯಿಗೆ ಬರಲಿಲ್ಲ. ಅವನು ಮರ ಹತ್ತಿ ಪಳಗಿದ ಪಾದಗಳನ್ನು ಬಿರುಕಿಗೆ ಊರಿ ಅರ್ಧ ಇಳಿದು ಬಂದ. ಎಲ್ಲಿ ಕಾಲಿಡಬೇಕೆಂದು ಹೇಳುತ್ತ ಹೇಳುತ್ತ, ಕೊನೆಗೆ ನನ್ನ ಮಣಿಕಟ್ಟು ಹಿಡಿದು ಮೇಲಕ್ಕೆಳೆದ.

ನಮ್ಮವರು ಆ ಹಗ್ಗವನ್ನು ಇನ್ನೂ ಎರಡೂ ಕೈಯಲ್ಲಿ ಹಿಡಿದೇ ನಿಂತಿದ್ದರು. ಬೆರಳುಗಳನ್ನು ನಾನೇ ಬಿಡಿಸಬೇಕಾಯಿತು. ಪ್ರಯೋಜನ ಇಲ್ಲ ಅಂತ ಗೊತ್ತಾದ ಮೇಲೂ ಯಾಕೆ ಹಿಡಿದಿದ್ದಿರಿ ಅಂತ ಕೇಳಿದೆ.

"ಮತ್ತಿನ್ನೇನು ಹಿಡ್ಕೊಳ್ಳಲಿ ಕಣೇ," ಅಂದರು.

ಫೋಟೋ ಶಾರ್ಪ್ ಆಗಿಯೇ ಬಂತು. ನಮ್ಮವರು ಬದುಕಿರುವ ತನಕ ಅದನ್ನು ಒಂದು ಸಲವೂ ಕೈಗೆತ್ತಿಕೊಳ್ಳಲಿಲ್ಲ.