ಅತ್ತೆಯ ಉಡಿಗೆ ಬಿದ್ದ ಚೆಂಡು

ನನಗೆ ಬೇಸ್‌ಬಾಲ್ ಹುಚ್ಚು ಹಿಡಿದದ್ದು ಒಂದು ಕೆಟ್ಟುಹೋದ ರೇಡಿಯೋದಿಂದ. ನ್ಯೂಜೆರ್ಸಿಯ ಮೆಟುಚೆನ್‌ನ ಮನೆಯಿಂದ ಕ್ರ್ಯಾನ್‌ಬರಿಯ ಆಫೀಸಿಗೆ ನಾನು ಓಡಿಸುತ್ತಿದ್ದ ಹಳೆಯ ಕಾರಿನಲ್ಲಿ ರೇಡಿಯೋದ ಗುಂಡಿ ಮುರಿದು, ಅದು ಒಂದೇ ಸ್ಟೇಷನ್ನಿಗೆ ಅಂಟಿಕೊಂಡುಬಿಟ್ಟಿತ್ತು. ಬೇಸಿಗೆಯ ಸಂಜೆ ಟರ್ನ್‌ಪೈಕ್ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಸಿಕ್ಕಿಕೊಂಡು ಕೂತಿದ್ದರೆ, ಅದರೊಳಗೆ ಇಬ್ಬರು ಮುದುಕರು ಆಟದ ವಿವರಣೆ ಕೊಡುತ್ತಿದ್ದರು. ಆಟಕ್ಕಿಂತ ಹೆಚ್ಚಾಗಿ ಅವರು ಮಧ್ಯಾಹ್ನದ ಊಟ, ಸೊಂಟನೋವು, ಆಕಾಶದಲ್ಲಿ ಕಟ್ಟುತ್ತಿರುವ ಮೋಡ ಇವುಗಳ ಬಗ್ಗೆ ಮಾತಾಡುತ್ತಿದ್ದರು. ಮೈಸೂರಿನಲ್ಲಿ ನಮ್ಮಪ್ಪ ಮತ್ತು ಪಕ್ಕದ ಮನೆಯವರು ಗೇಟಿಗೆ ಒರಗಿ ನಿಂತು ಆಡುತ್ತಿದ್ದ ಮಾತಿನ ಹಾಗೇ ಇತ್ತು. ನಡುನಡುವೆ ಯಾರೋ ಚೆಂಡು ಹೊಡೆಯುತ್ತಿದ್ದರು. ಆಮೇಲೆ ಕಾರು ಹೋಯಿತು, ಹುಚ್ಚು ಉಳಿಯಿತು.

ಮನೆಯಲ್ಲಿ ಈ ಹುಚ್ಚಿಗೆ ಮರ್ಯಾದೆ ಇರಲಿಲ್ಲ. ನನ್ನ ಗಂಡ ಧಾರವಾಡದವರು, ಮೂಳೆ ಡಾಕ್ಟರು. ಕ್ರಿಕೆಟ್ ಒಂದನ್ನು ಬಿಟ್ಟು ಬೇರೆ ಯಾವುದನ್ನೂ ಅವರು ಆಟವೆಂದು ಒಪ್ಪಿದವರಲ್ಲ. ನಾನು ಟಿವಿ ಮುಂದೆ ಕೂತಾಗಲೆಲ್ಲ ಹಿಂದಿನಿಂದ ಹಾದುಹೋಗುತ್ತ, "ಚಿಣಿಪಣಿಗೆ ಪ್ಯಾಂಟ್ ಹಾಕಿ ಬಿಟ್ಟಾರ, ಅಷ್ಟ," ಎನ್ನುತ್ತಿದ್ದರು. ಚಿಣಿಪಣಿ ಎಂದರೆ ಅವರ ಕಡೆ ಚಿನ್ನಿದಾಂಡು. ಆದರೂ ಮದುವೆಯ ವಾರ್ಷಿಕೋತ್ಸವಕ್ಕೆ ಏನು ಬೇಕು ಎಂದು ಅವರು ಕೇಳಿದಾಗ ನಾನು ಧೈರ್ಯ ಮಾಡಿದೆ. ಒಂದು ವಾರ ಇಬ್ಬರೂ ರಜೆ ಹಾಕಿ, ನ್ಯೂಜೆರ್ಸಿ, ನ್ಯೂಯಾರ್ಕಿನ ಸುತ್ತ ಕಾರಿನಲ್ಲಿ ಹೋಗಿಬರಬಹುದಾದ ಬೇಸ್‌ಬಾಲ್ ಮೈದಾನಗಳನ್ನೆಲ್ಲ ನೋಡಿಬರಬೇಕು ಎಂದೆ. ಸಣ್ಣ ಊರುಗಳ ಸಣ್ಣ ತಂಡಗಳ ಮೈದಾನದಿಂದ ಶುರುಮಾಡಿ ಕೊನೆಗೆ ನ್ಯೂಯಾರ್ಕಿನ ದೊಡ್ಡ ಸ್ಟೇಡಿಯಂ. "ಒಂದು ಬಂಗಾರದ ಬಳಿ ಕೇಳಿದ್ರ ಹಗುರ ಆಗ್ತಿತ್ತು," ಎಂದರು. ಒಪ್ಪಿದರು.

ಹೊರಡುವ ಹಿಂದಿನ ದಿನ ಅವರ ಜೊತೆ ಕೆಲಸ ಮಾಡುವ ಇನ್ನೊಬ್ಬ ಮೂಳೆ ಡಾಕ್ಟರು ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡರು. ಆ ವಾರದ ಆಪರೇಷನ್ನುಗಳೆಲ್ಲ ಗಂಡನ ತಲೆಗೆ ಬಂದವು. ನಾನು ಪ್ಯಾಕ್ ಮಾಡಿದ್ದ ಬ್ಯಾಗನ್ನು ಅಡುಗೆಮನೆಯ ನಡುವೆ ಇಟ್ಟುಕೊಂಡು ಮುಖ ಸಪ್ಪಗೆ ಮಾಡಿ ಕೂತಿದ್ದಾಗ ಅತ್ತೆ ಒಳಗೆ ಬಂದರು. ಆ ಬೇಸಿಗೆಯನ್ನು ನಮ್ಮ ಜೊತೆ ಕಳೆಯಲು ಧಾರವಾಡದಿಂದ ಬಂದಿದ್ದರು. ಹೆಣ್ಣುಮಕ್ಕಳ ಶಾಲೆಯೊಂದರಲ್ಲಿ ಹೆಡ್‌ಮಿಸ್ ಆಗಿ ನಿವೃತ್ತರಾದವರು. ವಯಸ್ಸು ಎಪ್ಪತ್ತು ದಾಟಿದ್ದರೂ ಬೆನ್ನು ನೆಟ್ಟಗೆ, ದನಿ ಇನ್ನೂ ನೆಟ್ಟಗೆ.

"ನಾ ಬರ್ತೀನಿ ತಡಿ," ಎಂದರು.

"ಅತ್ತೆ, ಬಿಸಿಲಲ್ಲಿ ಮೂರು ಗಂಟೆ ಕೂತಿರ್ಬೇಕು."

"ಪರೀಕ್ಷಾ ಹಾಲಿನ್ಯಾಗ ಜನ್ಮ ಎಲ್ಲಾ ಕೂತೀನಿ. ಅಲ್ಲೆ ಆಟಾನೂ ಇರಲಿಲ್ಲ."

ಹೀಗೆ ಮರುದಿನ ಅತ್ತೆ ಹತ್ತಿಯ ಸೀರೆ ಉಟ್ಟು, ಕಾಲಿಗೆ ಮಗನ ಹಳೆಯ ಸ್ನೀಕರ್ಸ್ ಹಾಕಿ, ತಿಂಡಿಯ ಚೀಲದೊಂದಿಗೆ ಕಾರಿನ ಮುಂದಿನ ಸೀಟಿನಲ್ಲಿ ಕೂತರು.

ಮೊದಲನೆಯದು ಬ್ರಿಜ್‌ವಾಟರ್. ಬಾಗಿಲಲ್ಲಿ ಚೀಲ ತಪಾಸಣೆ ಮಾಡುವ ಹುಡುಗಿ ಅತ್ತೆಯ ಸ್ಟೀಲ್ ಡಬ್ಬಿ ತೆಗೆದು ನೋಡಿದಳು. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದು ನನಗೆ ಗೊತ್ತಿತ್ತು. ಅತ್ತೆಗೂ ಹೇಳಿದ್ದೆ. ಹುಡುಗಿ ಮೊಸರನ್ನವನ್ನು ಒಂದು ನಿಮಿಷ ದಿಟ್ಟಿಸಿ, ಇದೇನಾದರೂ ಮೆಡಿಕಲ್ ಡಯೆಟ್ಟೇ ಎಂದು ಸೌಜನ್ಯದಿಂದ ಕೇಳಿದಳು.

"ಎಸ್. ಮೆಡಿಕಲ್," ಎಂದರು ಅತ್ತೆ, ಹೆಡ್‌ಮಿಸ್ ದನಿಯಲ್ಲಿ. ಹುಡುಗಿ ತಾನೇ ಮುಚ್ಚಳ ಹಾಕಿಕೊಟ್ಟಳು.

"ಸುಳ್ಳು ಹೇಳಿದ್ರಲ್ಲ ಅತ್ತೆ," ಎಂದೆ ಒಳಗೆ ಹೋದಮೇಲೆ.

"ಸುಳ್ಳು ಎಲ್ಲದ? ಮೊಸರನ್ನ ಇಲ್ಲಂದ್ರ ನನಗ ಹೊಟ್ಟಿ ಉರೀತದ. ನಿನ್ನ ಗಂಡನ್ನ ಕೇಳು, ಡಾಕ್ಟರ ಇದ್ದಾನ."

ಆಟ ಶುರುವಾಯಿತು. ಎಷ್ಟೋ ವರ್ಷಗಳಿಂದ ಯಾರಿಗಾದರೂ ಈ ಆಟವನ್ನು ವಿವರಿಸಬೇಕೆಂದು ನನಗೆ ಆಸೆ. ಅತ್ತೆಗೆ ಉತ್ಸಾಹದಿಂದ ಹೇಳತೊಡಗಿದೆ: ಆಟಗಾರ ಹೋಂ ಎನ್ನುವ ಜಾಗದಿಂದ ಹೊರಟು, ಬೇಸ್ ಎನ್ನುವ ಮೂರು ಮೂಲೆ ಮುಟ್ಟಿ, ಮತ್ತೆ ಹೋಂಗೆ ಬಂದರೆ ಒಂದು ರನ್.

"ತಿರುಗಿ ಮನಿಗೇ ಬರೋದಿದ್ರ ಹೋಗೋದ್ಯಾಕ?" ಎಂದರು ಅತ್ತೆ.

ಅತ್ತೆಯ ಗಮನ ಅಷ್ಟರಲ್ಲಿ ದಾಂಡಿಗನ ಹಿಂದೆ ಮುಖಕ್ಕೆ ಜಾಳಿಗೆ ಕಟ್ಟಿಕೊಂಡು ಕುಕ್ಕರುಗಾಲಲ್ಲಿ ಕೂತ ಕ್ಯಾಚರ್ ಮೇಲೆ ಬಿದ್ದಿತ್ತು. "ಅಂವಗ ಏನ ಶಿಕ್ಷಾ ಕೊಟ್ಟಾರ?" ಎಂದು ಕೇಳಿದರು. ಅದು ಶಿಕ್ಷೆಯಲ್ಲ, ಅವನ ಕೆಲಸ ಎಂದೆ. ನಂಬಲಿಲ್ಲ.

ಮೈದಾನದ ಪಕ್ಕದಲ್ಲೇ ರೈಲು ಹಳಿ. ರೈಲು ಹಾದುಹೋದಾಗಲೆಲ್ಲ ಅತ್ತೆ ಅದಕ್ಕೆ ಕೈ ಬೀಸುತ್ತಿದ್ದರು. ಹಾಗೆ ಕೈ ಬೀಸಿ ತಿರುಗುವುದರೊಳಗೆ ಒಬ್ಬ ಓಟಗಾರ ಒಂದನೆಯ ಮೂಲೆಯಿಂದ ಎರಡನೆಯದಕ್ಕೆ ಜಾರಿ ಹೋಗಿ ಮಲಗಿದ್ದ. ಜನ ಎದ್ದು ಕೂಗಿದರು. ಏನಾಯಿತು ಎಂದು ಅತ್ತೆ ಕೇಳಿದಾಗ ನಾನು, ಅವನು ಬೇಸ್ ಕದ್ದ ಎಂದೆ.

"ಕದ್ದ? ಎಲ್ಲಾರ ಮುಂದ?"

"ಹೌದು ಅತ್ತೆ. ಚೆಂಡು ಎಸೆಯೋನು ಇನ್ನೊಂದು ಕಡೆ ನೋಡ್ತಿರುವಾಗ ಕದೀಬಹುದು. ರೂಲ್ಸೇ ಹಾಗಿದೆ."

"ಹಂಗಂದ್ರ ಶಿಕ್ಷಾ ಇಲ್ಲ?"

"ಇಲ್ಲ."

ಅತ್ತೆ ಮೊಸರನ್ನದ ಡಬ್ಬಿ ಕೆಳಗಿಟ್ಟರು. ಕದ್ದವನು ರಾಜಾರೋಷವಾಗಿ ಪ್ಯಾಂಟಿನ ಮಣ್ಣು ಕೊಡವುತ್ತಿದ್ದ. ಏನೂ ಮಾಡದೆ ಕೂತವನಿಗೆ ಬಸ್ಕಿ, ಕಳ್ಳನಿಗೆ ಚಪ್ಪಾಳೆ. ಅವರ ಇಡೀ ಸರ್ವಿಸಿನಲ್ಲಿ ಇಂಥದ್ದನ್ನು ಕಂಡಿರಲಿಲ್ಲ. ಅಲ್ಲಿಂದ ಮುಂದೆ ಅವರು ರೈಲು ನೋಡಲಿಲ್ಲ. ಮರುದಿನ ಟ್ರೆಂಟನ್ನಿನಲ್ಲಿ ನದಿಯ ದಂಡೆಗೇ ಕಟ್ಟಿದ ಮೈದಾನ, ತಂಪು ಗಾಳಿ. ಅತ್ತೆ ನದಿಯನ್ನೂ ನೋಡಲಿಲ್ಲ. ಕೂತ ಕೂಡಲೇ ನನ್ನನ್ನು ತಿವಿದು, "ಇವತ್ತಿನ ಕಳ್ಳರು ಯಾರ‍್ಯಾರು?" ಎಂದು ಕೇಳಿದರು.

ಮೂರನೆಯ ಮೈದಾನದ ಊರಿನ ಹೆಸರು ಹೇಳುವುದಿಲ್ಲ. ಹೇಳಿದರೆ ನಮ್ಮನ್ನು ಮತ್ತೆ ಒಳಗೆ ಬಿಡಲಿಕ್ಕಿಲ್ಲ.

ನಮ್ಮ ಸೀಟು ಮೈದಾನದ ದೂರದ ತುದಿಯಲ್ಲಿ, ಬೇಲಿಗೆ ಹತ್ತಿಕೊಂಡ ಮೊದಲ ಸಾಲಿನಲ್ಲಿತ್ತು. ಸುತ್ತ ಎಲ್ಲರೂ ಶೇಂಗಾ ಸುಲಿದು ತಿನ್ನುತ್ತ ಸಿಪ್ಪೆಯನ್ನು ಕಾಲಬುಡಕ್ಕೇ ಚೆಲ್ಲುತ್ತಿದ್ದರು. ಇಲ್ಲಿ ಅದೇ ಪದ್ಧತಿ. ಅತ್ತೆಗೆ ಅದು ಆಗಿಬರಲಿಲ್ಲ. ಅವರು ಸೆರಗನ್ನು ಮುಂದಕ್ಕೆ ತಂದು ಮಡಿಲಲ್ಲಿ ಹರವಿ, ಉಡಿ ಮಾಡಿಕೊಂಡು, ಸಿಪ್ಪೆಗಳನ್ನೆಲ್ಲ ಅದರಲ್ಲಿ ಹಾಕುತ್ತಿದ್ದರು. "ಹುರಿದದ್ದು ಸಾಲದು," ಎನ್ನುತ್ತ ತಿನ್ನುವುದನ್ನು ಮಾತ್ರ ನಿಲ್ಲಿಸಿರಲಿಲ್ಲ.

ಆಗ ಎದುರಾಳಿ ತಂಡದವನೊಬ್ಬ ಬೀಸಿ ಹೊಡೆದ. ಚೆಂಡು ಆಕಾಶಕ್ಕೆ ಏರಿ, ಸಣ್ಣದಾಗಿ, ಮತ್ತೆ ದೊಡ್ಡದಾಗುತ್ತ ನಮ್ಮ ಕಡೆಗೇ ಬಂತು. ಇಷ್ಟು ವರ್ಷ ಇದೇ ಕ್ಷಣಕ್ಕೆ ಕಾದಿದ್ದ ಅಭಿಮಾನಿಯಾದ ನಾನು ಕಣ್ಣು ಮುಚ್ಚಿ, ತಲೆಯ ಮೇಲೆ ಎರಡೂ ಕೈ ಇಟ್ಟುಕೊಂಡು ಬಗ್ಗಿ ಕೂತೆ. ಹಿಂದೆಲ್ಲೋ ಸಿಮೆಂಟಿನ ಮೆಟ್ಟಿಲಿಗೆ ಬಡಿದ ಸದ್ದು, ಆಮೇಲೆ ಬೆಂಚಿಗೆ ಬಡಿದ ಸದ್ದು. ಕಣ್ಣು ಬಿಟ್ಟಾಗ ಚೆಂಡು ಅತ್ತೆಯ ಉಡಿಯಲ್ಲಿ, ಸಿಪ್ಪೆಗಳ ನಡುವೆ, ಗೂಡಿನಲ್ಲಿಟ್ಟ ಮೊಟ್ಟೆಯ ಹಾಗೆ ಕೂತಿತ್ತು.

"ಉಡಿ ತುಂಬಿದ್ರು ನೋಡವಾ," ಎಂದರು ಅತ್ತೆ, ಸಂತೋಷದಿಂದ.

ಸಂತೋಷ ಹೆಚ್ಚು ಹೊತ್ತು ಉಳಿಯಲಿಲ್ಲ. ಸುತ್ತಲಿನವರು ಒಬ್ಬೊಬ್ಬರಾಗಿ ಶುರುಮಾಡಿ ಒಟ್ಟಾಗಿ ಕೂಗತೊಡಗಿದರು: ಥ್ರೋ ಇಟ್ ಬ್ಯಾಕ್, ಥ್ರೋ ಇಟ್ ಬ್ಯಾಕ್. ಎದುರಾಳಿ ಬೇಲಿ ದಾಟಿಸಿ ಹೊಡೆದ ಹೋಂ ರನ್ನಿನ ಚೆಂಡನ್ನು ಊರಿನ ಅಭಿಮಾನಿಗಳು ಇಟ್ಟುಕೊಳ್ಳಬಾರದು, ತಿರಸ್ಕಾರದಿಂದ ವಾಪಸ್ ಮೈದಾನಕ್ಕೆ ಎಸೆಯಬೇಕು ಎಂಬುದು ಇಲ್ಲಿನ ಸಂಪ್ರದಾಯ. ನಾನು ಅತ್ತೆಗೆ ವಿವರಿಸಿದೆ.

"ಉಡಿಗೆ ಬಿದ್ದದ್ದನ್ನ ಯಾರಾದರೂ ಒಗೀತಾರೇನು?"

"ಎಲ್ಲರೂ ಕೂಗ್ತಿದಾರೆ ಅತ್ತೆ."

"ಕೂಗ್ಲಿ ಬಿಡು."

ಆದರೆ ಕೂಗು ಏರುತ್ತಲೇ ಹೋಯಿತು. ಸುತ್ತಮುತ್ತ ನಾವಿಬ್ಬರೇ ಭಾರತದವರು. ನಮ್ಮಿಂದಾಗಿ ಇಡೀ ದೇಶದ ಮಾನ ಹೋಗುತ್ತಿದೆ ಎಂದೆಲ್ಲ ಅನಿಸತೊಡಗಿತು. "ಎಸೆದುಬಿಡಿ ಅತ್ತೆ, ದಮ್ಮಯ್ಯ," ಎಂದೆ. ಅತ್ತೆ ಸ್ವಲ್ಪ ಯೋಚಿಸಿದರು. ಚೆಂಡನ್ನು ಸೆರಗಿನಲ್ಲಿ ಸುತ್ತಿ ಸೊಂಟಕ್ಕೆ ಸಿಕ್ಕಿಸಿದರು. ಚೀಲಕ್ಕೆ ಕೈ ಹಾಕಿ, ಹಿಂದಿನ ದಿನ ಕಟ್ಟಿದ್ದ ಶೇಂಗಾ ಉಂಡಿಗಳಲ್ಲಿ ದೊಡ್ಡದೊಂದನ್ನು ಆರಿಸಿ ತೆಗೆದರು. ಎದ್ದು ನಿಂತು, ಬೇಲಿಯ ಆಚೆ ಒಗೆದರು.

ಜನ ಹುಚ್ಚೆದ್ದು ಚಪ್ಪಾಳೆ ತಟ್ಟಿದರು. ಹಿಂದಿನ ಸಾಲಿನವನೊಬ್ಬ ಅತ್ತೆಯ ಬೆನ್ನು ತಟ್ಟಲು ಕೈ ಎತ್ತಿ, ಮುಖ ನೋಡಿ ಕೈ ಇಳಿಸಿದ. ಹುಲ್ಲಿನ ಮೇಲೆ ಬಿದ್ದದ್ದನ್ನು ಎತ್ತಿಕೊಳ್ಳಲು ಆಟಗಾರನೊಬ್ಬ ಓಡಿಬಂದ. ಎತ್ತಿದ ಕೂಡಲೇ ಅದು ಅವನ ಕೈಯಲ್ಲಿ ಪುಡಿಯಾಯಿತು. ಅವನು ಅದನ್ನು ನೋಡಿದ, ಮೂಸಿದ, ಆಮೇಲೆ ಕೈ ಎತ್ತಿ ಅಂಪೈರನ್ನು ಕರೆದ. ಆಟ ನಿಂತಿತು. ಅಂಪೈರರು, ಕೋಚು, ಪೊರಕೆ ಹಿಡಿದ ಇಬ್ಬರು, ಎಲ್ಲರೂ ಉಂಡಿಯ ಸುತ್ತ ನಿಂತು ಪಂಚಾಯಿತಿ ಮಾಡಿದರು.

"ಬೆಲ್ಲದ ಪಾಕ ಎಳಿ ಇತ್ತು," ಎಂದರು ಅತ್ತೆ ಮೆಲ್ಲಗೆ. "ಅದಕ್ಕ ಒಡೀತು."

ಸ್ವಲ್ಪ ಹೊತ್ತಿನಲ್ಲಿ ನಮ್ಮ ಸಾಲಿಗೆ ಒಬ್ಬ ವಯಸ್ಸಾದ ಅಶರ್ ಬಂದರು. ಸೀಟು ತೋರಿಸುವುದು, ಗದ್ದಲ ಆಗದಂತೆ ನೋಡಿಕೊಳ್ಳುವುದು ಅವರ ಕೆಲಸ. ಅವರೇ ನಾಚಿಕೊಂಡ ಹಾಗಿತ್ತು. ಚೆಂಡು ನಿಮ್ಮದೇ ಮ್ಯಾಮ್, ಅದನ್ನು ಯಾರೂ ಕೇಳುವುದಿಲ್ಲ, ಆದರೆ ಚೆಂಡಲ್ಲದೆ ಬೇರೇನನ್ನಾದರೂ ಮೈದಾನಕ್ಕೆ ಎಸೆದವರು ಹೊರಗೆ ಹೋಗಬೇಕೆಂದು ನಿಯಮ ಎಂದರು. ಅತ್ತೆ ಒಂದು ಮಾತೂ ವಾದಿಸದೆ ಎದ್ದರು. ನಿಯಮ ಎಂದರೆ ಅವರಿಗೆ ಅರ್ಥವಾಗುತ್ತದೆ. ನಾವು ಮೆಟ್ಟಿಲು ಹತ್ತುವಾಗ, ಈಗ ತಾನೇ ನಮ್ಮ ಮೇಲೆ ಕೂಗಿದ್ದ ಜನವೇ ಅಶರ್ ಮೇಲೆ ಕೂಗತೊಡಗಿತು. ಅತ್ತೆ ನಿಂತು, ಎಲ್ಲರಿಗೂ ಕೈ ಮುಗಿದರು. ಒಂದಷ್ಟು ಜನ ಬಿಯರ್ ಕೆಳಗಿಟ್ಟು ತಿರುಗಿ ಕೈ ಮುಗಿದರು. ಗೇಟಿನ ಹತ್ತಿರ ಅಶರ್ ದನಿ ತಗ್ಗಿಸಿ, ಎಸೆದದ್ದು ಏನು ಎಂದು ಕೇಳಿದರು. ಅತ್ತೆ ಎರಡು ಉಂಡಿ ಕೊಟ್ಟರು. ಅಶರ್ ಒಂದನ್ನು ಅಲ್ಲೇ ತಿಂದು, ಹೊರಗೆ ಹಾಕಿದ್ದಕ್ಕೆ ಕ್ಷಮೆ ಕೇಳಿದರು.

ಪಾರ್ಕಿಂಗ್ ಲಾಟಿಗೆ ಬಂದಾಗ ಗಂಡನ ಫೋನು.

"ಮ್ಯಾಚ್ ಮುಗೀತೇನ?"

"ನಮಗೆ ಮುಗೀತು. ನಿಮ್ಮಮ್ಮನ್ನ ಹೊರಗೆ ಹಾಕಿದ್ರು."

"ಅವ್ವ ಏನ ಮಾಡಿದ್ಲು?"

"ಶೇಂಗಾ ಉಂಡಿ ಎಸೆದ್ರು."

"ಯಾಕ?"

"ಚೆಂಡಿನ ಬದಲು."

"ನಂಗ ಉಳಿದಾವೇನು?" ಎಂದು ಕೇಳಿದರು.

ನನಗೆ ನಗು ಬರಲಿಲ್ಲ. ಕಾರಿನಲ್ಲಿ ಅತ್ತೆ ಸೆರಗಿಗೆ ಅಂಟಿದ ಶೇಂಗಾ ಸಿಪ್ಪೆಗಳನ್ನು ಒಂದೊಂದಾಗಿ ಆರಿಸುತ್ತ ಕೂತರು. ಧಾರವಾಡದಲ್ಲಿ ಊರಿಡೀ ಇವರಿಗೆ ಎದ್ದು ನಿಂತು ನಮಸ್ಕಾರ ಮಾಡುತ್ತಿತ್ತು. ಅವರನ್ನು ಕರೆದುಕೊಂಡು ಬಂದು ಎಲ್ಲರೆದುರು ಹೊರಗೆ ಹಾಕಿಸಿದೆನಲ್ಲ ಎಂದುಕೊಂಡೆ. ದಾರಿಯಲ್ಲಿ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ ಚಹಾ ತಂದುಕೊಟ್ಟೆ. ಹೊರಗಿನ ಬೆಂಚಿನ ಮೇಲೆ ಕೂತು ಅದನ್ನು ಮುಗಿಸಿ ಅವರು ಹೇಳಿದರು: "ಎಷ್ಟ ಹುಡಿಗ್ಯಾರನ್ನ ಕ್ಲಾಸಿನ ಹೊರಗ ಹಾಕೀನಿ ನಾ. ಹೊರಗ ಗಾಳಿ ಇಷ್ಟು ಛಲೋ ಇರ್ತದಂತ ಗೊತ್ತ ಇರಲಿಲ್ಲ." ಆಮೇಲೆ ಭುಜ ಅಲುಗುವ ಹಾಗೆ ನಗತೊಡಗಿದರು. ನಾನೂ ನಕ್ಕೆ. ಪಕ್ಕದ ಲಾರಿಯ ಡ್ರೈವರ್ ನಮ್ಮನ್ನು ನೋಡಿ ತಾನೂ ಸುಮ್ಮನೆ ನಕ್ಕ.

ಆ ಚೆಂಡನ್ನು ಗಂಡ ಕೈಯಲ್ಲಿ ಹಿಡಿದು ತೂಗಿ ನೋಡಿ, ಕ್ರಿಕೆಟ್ ಚೆಂಡಿಗಿಂತ ಹಗುರ ಎಂದು ತೀರ್ಪು ಕೊಟ್ಟರು. ಮರುದಿನ ಅತ್ತೆ ಹಿಮ್ಮಡಿ ನೋವು ಎಂದಾಗ ಅದನ್ನೇ ಪಾದದ ಕೆಳಗಿಟ್ಟು ಹೊರಳಿಸಲು ಹೇಳಿದರು. ನಾನು ಗಾಜಿನ ಪೆಟ್ಟಿಗೆಯಲ್ಲಿ ಇಡಬೇಕೆಂದಿದ್ದ ಹೋಂ ರನ್ ಚೆಂಡು ಅತ್ತೆಯ ಕಾಲ ಕೆಳಗೆ ಉರುಳುತ್ತ ಕಪ್ಪಾಯಿತು.

ವಾರದ ಕೊನೆಗೆ, ನ್ಯೂಯಾರ್ಕಿನ ದೊಡ್ಡ ಸ್ಟೇಡಿಯಂಗೆ, ಗಂಡನೂ ಬಂದರು. ನನ್ನ ಸಂತೋಷಕ್ಕಲ್ಲ, ಅವ್ವನನ್ನು ಒಬ್ಬಳನ್ನೇ ನನ್ನ ಜೊತೆ ಬಿಡಲು ಧೈರ್ಯವಿಲ್ಲ ಎಂದರು. ಒಳಗೆ ಕೂತಾಗ ನಾನು ವಿವರಿಸಲು ಬಾಯಿ ತೆರೆಯುವ ಮೊದಲೇ ಅತ್ತೆ ಮಗನಿಗೆ ಪಾಠ ಶುರುಮಾಡಿದ್ದರು. ತಪ್ಪೂ ಹೇಳುತ್ತಿದ್ದರು, ನಾನು ತಿದ್ದಲಿಲ್ಲ. ಗಂಡ ನಡುವೆ ಒಮ್ಮೆ, "ಇದು ಎಲ್‌ಬಿಡಬ್ಲ್ಯೂ ಅಲ್ಲೇನು?" ಎಂದು ಕೇಳಿದಾಗ, "ಸುಮ್ನ ಕೂಡು, ತಿಳೀಲಿಲ್ಲಂದ್ರ ಕೈ ಎತ್ತು," ಎಂದರು ಅತ್ತೆ.

ಆಟ ಮುಗಿದು ಹೊರಗೆ ಬಂದಾಗ ಸಂಜೆಯ ಬೆಳಕು ಇನ್ನೂ ಇತ್ತು. ಫುಟ್‌ಪಾತಿನಲ್ಲಿ ಒಬ್ಬ ಮೆಕ್ಸಿಕೋದ ಅಜ್ಜಿ ಕೈಗಾಡಿಯಲ್ಲಿ ಮೆಕ್ಕೆಜೋಳದ ತೆನೆ ಸುಡುತ್ತಿದ್ದರು. ಅತ್ತೆ ದೂರದಿಂದಲೇ ಗಾಳಿ ಮೂಸಿ, "ಗೊಂಜಾಳ," ಎಂದು ಗುಂಪು ಸೀಳಿಕೊಂಡು ಹೋದರು. ಆ ಅಜ್ಜಿ ತೆನೆಗೆ ನಿಂಬೆ ಉಜ್ಜಿ, ಮೇಲೆ ಕೆಂಪು ಖಾರದ ಪುಡಿ ಉದುರಿಸಿದ್ದನ್ನು ಕಂಡು ಅತ್ತೆ ತಿರುಗಿ ನಮ್ಮನ್ನು ಕರೆದರು.

"ನೋಡಿಲ್ಲೆ, ಇಕಿ ನಮ್ಮಾಕೀನ ಇದ್ದಾಳ."

ಅಜ್ಜಿ ಚೀಸ್ ಹಚ್ಚಲು ಹೋದರು. ಅತ್ತೆ ಅವರ ಕೈ ಹಿಡಿದು ಬೇಡವೆಂದು, ಖಾರ ಇನ್ನಷ್ಟು ಎಂದು ಸನ್ನೆ ಮಾಡಿದರು. ಅಜ್ಜಿ ಉದುರಿಸಿದರು. ಇನ್ನಷ್ಟು. ಅಜ್ಜಿ ಹುಬ್ಬೇರಿಸಿ ಮತ್ತೆ ಉದುರಿಸಿದರು. ಅತ್ತೆ ಕಚ್ಚಿ ತಿಂದು ತಲೆ ಆಡಿಸಿದರು. ಆಮೇಲೆ ಅವರು ಸ್ಪ್ಯಾನಿಷಿನಲ್ಲಿ, ಇವರು ಧಾರವಾಡದ ಕನ್ನಡದಲ್ಲಿ ಮಾತಿಗೆ ನಿಂತರು. ಏನು ಮಾತಾಡಿದರೋ ನನಗೆ ಗೊತ್ತಿಲ್ಲ; ಒಮ್ಮೆ ಇಬ್ಬರೂ ನನ್ನ ಕಡೆ ಕೈ ತೋರಿಸಿ ನಕ್ಕರು. ಗಂಡ ಬಿಸಿ ತೆನೆಯನ್ನು ಕೈಯಿಂದ ಕೈಗೆ ಹಾರಿಸುತ್ತ ಪಕ್ಕದಲ್ಲಿ ನಿಂತಿದ್ದರು. ಸ್ಟೇಡಿಯಮ್ಮಿನ ಜನವೆಲ್ಲ ನಮ್ಮನ್ನು ಬಳಸಿಕೊಂಡು ರೈಲಿನ ಕಡೆಗೆ ಹರಿದುಹೋಯಿತು.