ಹನಿ ಒತ್ತುವ ಪಂಪು

ಅವರ ಎರಡೂ ಮುಂಗೈ ತುಂಬ ಕಪ್ಪು ಚುಕ್ಕೆಗಳಿದ್ದವು. ಲೋಹ ಕಡೆಯುವ ಲೇತಿನಿಂದ ಸಿಡಿದ ಬಿಸಿ ಚೂರುಗಳು ಸುಟ್ಟ ಗುರುತು. ಬನಶಂಕರಿ ಎರಡನೇ ಹಂತದಲ್ಲಿ, ಶೀಟಿನ ಸೂರಿನ ಕೆಳಗೆ ಒಂದೇ ಲೇತ್ ಇಟ್ಟುಕೊಂಡಿದ್ದ ಮೇಸ್ತ್ರಿ ಅವರು. ಎಂಬತ್ತರ ದಶಕದ ಮೊದಲಲ್ಲಿ, ಸಂಶೋಧನಾ ವಿದ್ಯಾರ್ಥಿನಿಯಾಗಿದ್ದ ನಾನು ಅವರನ್ನು ಹುಡುಕಿಕೊಂಡು ಹೋದೆ.

ಗಿಡಮೂಲಿಕೆಯ ರಸವನ್ನು ಸಪೂರ ಉಕ್ಕಿನ ಕೊಳವೆಯಲ್ಲಿ ಹಾಯಿಸಿ, ಅದರಲ್ಲಿರುವ ಅಂಶಗಳನ್ನು ಬೇರೆಬೇರೆ ಮಾಡುವುದು ನನ್ನ ಕೆಲಸ. ಅದಕ್ಕೆ ದ್ರವವನ್ನು ಒಂದೇ ಸಮನೆ ಒತ್ತುವ ಪಂಪು ಬೇಕು. ಪರದೇಶದ ಪಂಪು ನಮ್ಮ ಕೈಗೆಟುಕುವಂಥದ್ದಲ್ಲ.

"ನಿಮಿಷಕ್ಕೆ ಎಷ್ಟು ಬೀಳ್ಬೇಕು ಮೇಡಂ?"

"ಒಂದೇ ಹನಿ."

"ನಮ್ಮನೆ ನಲ್ಲೀಲೂ ಅಷ್ಟೇ ಬರೋದು," ಎಂದು ನಕ್ಕು ಒಪ್ಪಿಕೊಂಡರು.

ದ್ರವ ತುಂಬಿದ ಗಾಜಿನ ಸಿರಿಂಜ್ ಒತ್ತಡಕ್ಕೆ ಒಡೆಯಿತು, ಉಕ್ಕಿನದು ಕೊರೆದರು. ರಬ್ಬರ್ ವಾಷರ್ ನಮ್ಮ ದ್ರಾವಕಕ್ಕೆ ಉಬ್ಬಿಹೋಯಿತು. ಎಲ್ಲಿಂದಲೋ ದ್ರಾವಕಕ್ಕೆ ಜಗ್ಗದ ಟೆಫ್ಲಾನ್ ತುಂಡು ತಂದು ಕಡೆದರು. ಸಿರಿಂಜನ್ನು ಒತ್ತಲು ಮೋಟಾರು ತಿರುಗಿಸುವ ಸ್ಕ್ರೂ ಒಂದಿಷ್ಟು ಬಿಗಿಯಾದರೂ ಬಿಸಾಕಿ ಹೊಸದು ಮಾಡುತ್ತಿದ್ದರು. "ಇದು ತಳ್ಳೋ ಕೆಲ್ಸ ಅಲ್ಲ ಮೇಡಂ, ಒತ್ತೋ ಕೆಲ್ಸ," ಎನ್ನುವರು. ಐದನೇ ತಿಂಗಳಿಗೆ ಪಂಪು ಓಡಿತು. ಚಾರ್ಟಿನ ಕಾಗದದ ಮೇಲೆ ರಸದ ಒಂದೊಂದು ಅಂಶಕ್ಕೂ ಒಂದೊಂದು ಗೆರೆ ನೆಟ್ಟಗೆ ಎದ್ದಿತು.

ಅದನ್ನು ಹೊರಗಿನಿಂದ ಬಂದ ದೊಡ್ಡ ವಿಜ್ಞಾನಿಗಳಿಗೆ ತೋರಿಸುವ ದಿನ ನಾನೇ ಮೇಸ್ತ್ರಿಯನ್ನು ಕರೆದಿದ್ದೆ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದರು. ನನ್ನ ಸಂಶೋಧನೆಯ ಗೈಡ್ ಮೇಸ್ತ್ರಿಯನ್ನು ವರಾಂಡದ ಬೆಂಚಿನಲ್ಲಿ ಕೂರಿಸಿದರು. ನಡುವೆ ಕೊಳವೆಯ ಜೋಡಣೆ ಸೋರತೊಡಗಿ ಗೆರೆ ಕುಸಿಯಿತು. ಆಗ ಒಳಗೆ ಕರೆಸಿದರು. ಮೇಸ್ತ್ರಿ ಮೊಣಕಾಲೂರಿ ನಟ್ಟನ್ನು ಕಾಲು ಸುತ್ತು ಬಿಗಿದರು. ಸೋರುವುದು ನಿಂತಿತು.

"ಇವರು ಯಾರು?" ಅತಿಥಿಯೊಬ್ಬರು ಕೇಳಿದರು.

"ರಿಪೇರಿಯವನು," ಎಂದ ಗೈಡ್, ಮೇಸ್ತ್ರಿಯ ಕಡೆ ತಿರುಗಿ, "ಆಯ್ತಲ್ಲ, ನೀನಿನ್ನು ಹೊರಡಪ್ಪ," ಎಂದರು.

ಮೇಸ್ತ್ರಿ ನನ್ನ ಮುಖ ನೋಡಿದರು. ನಾನು ಚಾರ್ಟ್ ನೋಡುತ್ತ ನಿಂತೆ. ನನ್ನ ಪದವಿ ಗೈಡ್ ಕೈಯಲ್ಲಿತ್ತು.

ಪ್ರಬಂಧದ ಕೃತಜ್ಞತೆಯ ಪುಟದಲ್ಲಿ ನಾನು ಬರೆದಿದ್ದ ಮೇಸ್ತ್ರಿಯ ಹೆಸರನ್ನೂ ಗೈಡ್ ಹೊಡೆದುಹಾಕಿದರು. ಟೈಪಿಸ್ಟನ ಹೆಸರು ಉಳಿಯಿತು.

ಪದವಿ ಬಂದ ಮೇಲೆ ಒಂದು ಪ್ರತಿ ಒಯ್ದು ಮೇಸ್ತ್ರಿಗೆ ಕೊಟ್ಟೆ. ಕೈ ತೊಳೆದು ಬಂದು, ಪಂಪಿನ ಚಿತ್ರವಿದ್ದ ಪುಟವನ್ನು ತುಂಬ ಹೊತ್ತು ನೋಡಿದರು.

"ನನ್ ಮಗಳು ಇಂಗ್ಲಿಷ್ ಓದ್ತಾಳೆ. ನಮ್ಮೆಸ್ರು ಎಲ್ಲಿದೆ, ಗುರ್ತು ಹಾಕ್ಕೊಡಿ ಮೇಡಂ."

"ಒಳಗೆಲ್ಲೋ ಇದೆ ಮೇಸ್ತ್ರಿ, ಹುಡುಕಿದ್ರೆ ಸಿಗತ್ತೆ," ಎಂದುಬಿಟ್ಟೆ.

ಆಮೇಲೆ ಆ ರಸ್ತೆಗೇ ಹೋಗಲಿಲ್ಲ. ಕೆಲವು ವರ್ಷಗಳ ಬಳಿಕ ಅವರು ತೀರಿಕೊಂಡ ಸುದ್ದಿ ಕೇಳಿ ಮನೆಗೆ ಹೋದಾಗ, ಮಗಳು ಆ ಪ್ರಬಂಧವನ್ನು ತಂದು ನನ್ನ ಮುಂದಿಟ್ಟಳು.

"ಅಪ್ಪ ಬಂದವ್ರಿಗೆಲ್ಲ ತೋರ್ಸೋರು, ನಮ್ಮೆಸ್ರು ಇದರಲ್ಲಿದೆ ಅಂತ. ನಾನು ಮೊದಲ್ನೇ ವಾರನೇ ಪೂರ್ತಿ ಓದಿ ಮುಗ್ಸಿದ್ದೆ. ಅವರಿಗೆ ಹೇಳ್ಲಿಲ್ಲ."