ಅವ್ವನ ಮಣ್ಣು, ಬೂದಿಯ ಕೆರೆ

ದೇಶಕ್ಕೆಲ್ಲ ಕರೆಂಟು ಮಾಡುವ ಕಂಪನಿಯಲ್ಲಿ ನನಗೆ ಕೆಲಸ. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ಉತ್ತರದ ಕಡೆಯ ಒಂದು ಕಲ್ಲಿದ್ದಲು ಸ್ಥಾವರಕ್ಕೆ ಹಾಕಿದ್ದರು. ಹೆಂಡತಿಯ ಬಾಣಂತನಕ್ಕೆಂದು ಅವ್ವ ಗುಂಡ್ಲುಪೇಟೆ ಹತ್ತಿರದ ಭೀಮನಬೀಡಿನಿಂದ ಮೊದಲ ಸಲ ಅಷ್ಟು ದೂರ ಬಂದಳು.

ಕ್ವಾರ್ಟರ್ಸಿನ ಜಗಲಿಯಲ್ಲಿ ಕೂತರೆ ಚಿಮಣಿ, ಹಿಂದೆ ಕಲ್ಲಿದ್ದಲಿನ ರೈಲು ಕಾಣುತ್ತಿತ್ತು. ಅವ್ವ ಮೊಮ್ಮಗಳನ್ನು ತೊಡೆಯ ಮೇಲೆ ಹಾಕಿಕೊಂಡು ಕೇಳಿದಳು.

"ಈ ಕರೆಂಟು ನಮ್ಮೂರ್ಗೂ ಓಯ್ತದಾ?"

"ಓಯ್ತದೆ ಕಣವ್ವ. ಇಲ್ಲೀದು, ಬೆಟ್ಟದ್ ಮೇಲಿನ್ ನೀರಿಂದು, ಗ್ಯಾಸಿಂದು, ಎಲ್ಲಾ ಒಂದ್ರಲ್ಲೇ ಸೇರ್ಕತದೆ."

"ಅಂಗಾದ್ರೆ ನಮ್ಮನೇಲಿ ಯಾಕ್ಲಾ ಸಂಜೆ ಆದ್ರೆ ನಿಲ್ಲಾಕಿಲ್ಲ? ಗೋಪಾಲಸ್ವಾಮಿ ಬೆಟ್ಟದ್ ಮೇಲೆ ಅಷ್ಟೊಂದ್ ಗಾಳಿ ಬೀಸ್ತದಲ್ಲ, ಅದ್ರಲ್ಲಿ ಮಾಡಕಾಗಲ್ವಾ?"

ನಾನು ನಕ್ಕುಬಿಟ್ಟೆ. ಗಾಳಿ ಕರೆಂಟಿನ ಮಾತು ನಮ್ಮ ಆಫೀಸಿನಲ್ಲಿ ಆಗಿನ್ನೂ ಪಿಸುಮಾತಾಗಿತ್ತು.

ನಮಗೆ ಹಾಲು ಹಾಕುತ್ತಿದ್ದ ಮುದುಕನ ಹೊಲವೆಲ್ಲ ಸ್ಥಾವರಕ್ಕೇ ಹೋಗಿತ್ತು. ಉಳಿದದ್ದು ಒಂದು ಪಟ್ಟಿ ನೆಲ, ಎರಡು ಎಮ್ಮೆ. ಅವನಿಗೆ ಕನ್ನಡ ಬಾರದು, ಅವ್ವನಿಗೆ ಹಿಂದಿ ಬಾರದು. ಆದರೂ ಅವ್ವ ದಿನಾ ಅವನ ಎಮ್ಮೆ ನೋಡಲು ಹೋಗಿ, ಅವನ ಹೆಂಡತಿಯ ಜೊತೆ ಕೂತು ಬರುತ್ತಿದ್ದಳು.

ಒಂದು ಮಧ್ಯಾಹ್ನ ಅಕ್ಕಿ ಆರಿಸುತ್ತಿದ್ದವಳು ಮೊರದ ಮೇಲೇ ವಾಲಿಕೊಂಡಳು. ಡಾಕ್ಟರು ಬರುವಷ್ಟರಲ್ಲಿ ಉಸಿರು ನಿಂತಿತ್ತು.

ಊರಿಗೆ ಒಯ್ಯಲು ದಾರಿಯಿರಲಿಲ್ಲ. ನೆರೆಯವರು ನದಿದಂಡೆಯಲ್ಲಿ ಸೌದೆ ಜೋಡಿಸಲು ಹೊರಟರು. ಫೋನಿನಲ್ಲಿ ತಂಗಿ ಚೀರಿದಳು: "ಸುಡ್ಬೇಡ ಕಣಣ್ಣ, ದಮ್ಮಯ್ಯ. ಅವ್ವನ್ನ ಮಣ್ಗೆ ಮಡಗು."

ನಾವು ಲಿಂಗ ಕಟ್ಟುವವರು, ಸುಡುವುದಿಲ್ಲ, ಕೂರಿಸಿ ಮಣ್ಣು ಮಾಡುತ್ತೇವೆ. ಆದರೆ ಮಣ್ಣೆಲ್ಲಿತ್ತು? ಸುತ್ತಲಿನ ನೆಲವೆಲ್ಲ ಕಂಪನಿಯದು. ಟೌನ್‌ಶಿಪ್ಪಿನ ಒಳಗೆ ಅವಕಾಶವಿಲ್ಲ ಎಂದು ಸಾಹೇಬರು ಮೆಲ್ಲಗೆ ಹೇಳಿದರು. ಬಾಗಿಲಲ್ಲಿ ನಿಂತಿದ್ದ ಹಾಲಿನ ಮುದುಕ ಆಗ ತನ್ನ ಭಾಷೆಯಲ್ಲಿ ಹೇಳಿದ, "ನನ್ನ ಹೊಲದ ಮೂಲೆಯಲ್ಲಿ ಇರಲಿ ಬಿಡಿ. ಅಕ್ಕನಿಗೆ ಆ ಜಾಗ ಗೊತ್ತು."

ಗುಂಡಿಯೊಳಗೆ ಹೆಣ ಕೂರಿಸುವ ಗೂಡು ತೋಡುವುದು ಅಲ್ಲಿ ಯಾರಿಗೂ ತಿಳಿಯದು. ಅಪ್ಪನನ್ನು ಮಣ್ಣು ಮಾಡಿದ್ದು ನೆನೆದುಕೊಂಡು ನಾನೇ ಇಳಿದೆ. ಅವ್ವನನ್ನು ಕೂರಿಸಿ, ಅಂಗೈಗೆ ಲಿಂಗ ಕೊಟ್ಟು, ಅವಳದೇ ವಿಭೂತಿ ಗಟ್ಟಿ ತೇಯ್ದು ಹಣೆಗೆ ಹಚ್ಚಿದೆ. ಮಂತ್ರ ಹೇಳಲು ಅಯ್ನೋರು ಇರಲಿಲ್ಲ. 'ಶಿವಶಿವ' ಅಂದೆ, ಅಷ್ಟೇ. ಮುದುಕನ ಹೆಂಡತಿ ಮೊದಲ ಹಿಡಿ ಮಣ್ಣು ಹಾಕಿದಳು.

ಕೆಲವು ವರ್ಷಗಳ ಮೇಲೆ ಕೇರಳದ ಕರಾವಳಿಯ ಗ್ಯಾಸ್ ಸ್ಥಾವರಕ್ಕೆ ವರ್ಗವಾಯಿತು. ರಜೆ ಸಿಕ್ಕಾಗ ಗುಂಡ್ಲುಪೇಟೆ ಬಸ್ಸು ಹತ್ತಿ ಊರಿಗೆ ಬರುತ್ತಿದ್ದೆ. ಕೇರಳದಲ್ಲಿದ್ದಾಗಲೇ ಮುದುಕ ಫೋನು ಮಾಡಿದ. ಕಲ್ಲಿದ್ದಲು ಸುಟ್ಟ ಬೂದಿಯನ್ನು ನೀರಲ್ಲಿ ಕಲಸಿ ಬಿಡುವ ಕೆರೆ ತುಂಬಿದೆ, ಅದನ್ನು ದೊಡ್ಡದು ಮಾಡುತ್ತಾರೆ, ಉಳಿದ ಪಟ್ಟಿಯೂ ಹೋಯಿತು ಎಂದ.

ಅವ್ವನ ಎಲುಬನ್ನಾದರೂ ತರೋಣವೆಂದು ಭೀಮನಬೀಡಿನ ಹಿರಿಯರನ್ನು ಕೇಳಿದೆ. "ಮಣ್ಣಲ್ಲಿ ಐಕ್ಯ ಆದೋರ್ನ ಮತ್ತೆ ಎಬ್ಬುಸ್ಬಾರ್ದು ಕಣ್ಲಾ," ಅಂದರು.

ತಂಗಿಯನ್ನು ಕರೆದುಕೊಂಡು ಹೋದೆ. ಅವಳು ಅವ್ವನ ಮಣ್ಣು ನೋಡಿದ್ದು ಅದೇ ಮೊದಲು, ಅದೇ ಕೊನೆ. ಹೊಲದಾಚೆ ಬುಲ್ಡೋಜರುಗಳು ಬೂದಿ ಕೆರೆಯ ಏರಿ ಕಟ್ಟುತ್ತಿದ್ದವು. ತಂಗಿ ನೀರು ಹಾಕಿ, ಹೂವಿಟ್ಟು, ನೆಲಕ್ಕೆ ಕೆನ್ನೆಯಾನಿಸಿ ಮಲಗಿಬಿಟ್ಟಳು. ಮುದುಕನ ಹೆಂಡತಿ ಅವಳನ್ನು ಎಬ್ಬಿಸಿ ತಬ್ಬಿಕೊಂಡಳು. ಎಮ್ಮೆಗಳನ್ನು ಆಗಲೇ ಮಾರಿದ್ದರು. ಇನ್ನೆಲ್ಲಿಗೆ ಹೋಗುತ್ತೀರಿ ಎಂದು ಕೇಳಿದೆ. ಮುದುಕ ಕೈ ಬೀಸಿ ಎಲ್ಲೋ ತೋರಿಸಿದ. ನಾನು ಅದೇ ಕಂಪನಿಯ ಅನ್ನ ಉಣ್ಣುವವನು. ಅವನು ಬೈದಿದ್ದರೆ ಚೆನ್ನಾಗಿರುತ್ತಿತ್ತು.

ಅವ್ವನ ಮಣ್ಣಿನ ಮೇಲೂ ಬೂದಿ ನೀರು ಬಿಟ್ಟರೆಂದು ಆ ಮಳೆಗಾಲದಲ್ಲಿ ಅವನೇ ತಿಳಿಸಿದ. ಆಮೇಲೆ ಅವನ ನಂಬರು ಸಿಗಲಿಲ್ಲ.